ಬಸ್ಸಿನ್ಯಾಗ ಕಳದ ಪಟ್ಟಿ

ನನ್ನ ಮೊಣಕಾಲಿನ ಗಾಯದಾಗ ಕೀವು ತುಂಬಿತ್ತು. ನಮ್ಮ ಕನ್ನಡದವರೇ ಆದ ಡಾಕ್ಟರು ಔಷಧಿ ಇದ್ದ ತೆಳ್ಳನ ಪಟ್ಟಿ ಇಟ್ಟು, ಮ್ಯಾಲ ಬಟ್ಟಿ ಸುತ್ತಿ, "ಬಿಚ್ಚಬ್ಯಾಡ, ಮತ್ತ ಕೀವಾಗತದ" ಅಂದ್ರು. ಮುಂದ ಇನ್ನೇನೋ ಹೇಳಿದ್ರು, ನನ್ನ ಕಣ್ಣು ಕಾದಂಬರಿಯೊಳಗಿತ್ತು.

ಮತ್ತ ತೋರಸಾಕ ನಾ ಇರೂ ಕೋಥರೂಡದಿಂದ ಸಿಟಿ ಬಸ್ಸಿನ್ಯಾಗ ದವಾಖಾನಿಗೆ ಹೊಂಟಾಗ ಬಟ್ಟಿ ಸಡಲ್ತು. ಒಳಗ ಪಟ್ಟೀನ ಇಲ್ಲ. ಗಾಬರಿಯಾಗಿ ಸೀಟಿನ ಕೆಳಗ ಹುಡುಕಿದೆ.

"ಏನ್ ಕಳೀತವಾ?" ಬಾಜೂಕಿನ ಅಜ್ಜಿ ಕೇಳಿದ್ರು.

"ಗಾಯದ ಪಟ್ಟಿರಿ."

ಅಜ್ಜಿ ಮರಾಠಿಯೊಳಗ ಎಲ್ಲಾರಿಗೂ ಸಾರೇ ಬಿಟ್ರು. ಅರ್ಧ ಬಸ್ಸು ಬಗ್ಗಿ ಹುಡುಕ್ತು. ಕಂಡಕ್ಟರ್ ಎಲ್ಲಾರ ಕಾಲೂ ಎತ್ತಿಸಿದ.

ಪಟ್ಟಿ ಸಿಗಲಿಲ್ಲ. ದವಾಖಾನ್ಯಾಗ ಇದನ್ನ ಕೇಳಿ ಡಾಕ್ಟರು ನಕ್ಕರು. "ಅದು ಗಾಯದಾಗ ತಾನ ಕರಗತದ ಅಂತ ಹೇಳಿದ್ನಲ್ಲ. ಕೀವೂ ಹೋಗ್ಯದ ನೋಡು."

ವಾಪಸ್ ಬರೂವಾಗ ಅದೇ ಕಂಡಕ್ಟರ್. "ಸಿಕ್ತೇನು? ಎಲ್ಲಿತ್ತು?"

ಬಿಡಿಸಿ ಹೇಳೂ ಧೈರ್ಯ ನನಗೆಲ್ಲಿ? "ಕಾಲಿನ ಒಳಗ" ಅಂದೆ.

ಅವ ನನ್ನ ಕಾಲು ನೋಡಿ ಹೌಹಾರಿ, ಟಿಕೀಟ್ ಕೊಟ್ಟು, ಶಿವಾಜಿನಗರ ಸ್ಟಾಪ್ ದಾಟೂತನಕ ನನ್ನ ಕಡೆ ಬರಲೇ ಇಲ್ಲ.