ಅಕ್ಕ ಕೂತಿದ್ದ ಗರಿ ಗುಡ್ಲು

ಬಿಸಿಲು ಕಾಣದೆ ಅರೆಬರೆ ಒಣಗಿದ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ನಿಂತಲ್ಲಿ ನಿಲ್ಲಲಾರೆ. ಈ ಸಲ ಹೊಳೆ ಉಕ್ಕಿ, ನಿರಾಶ್ರಿತರು ಅಂತ ಹೆಸರಿಟ್ಟು ನಮ್ಮನ್ನೆಲ್ಲ ಬೆಳಕವಾಡಿ ಕಡೆಯ ಒಂದು ಸ್ಕೂಲಿಗೆ ತಂದು ತುಂಬಿದಾಗ, ಕೋಣೆಯ ಮೂಲೆಯಿಂದ ಅದೇ ವಾಸನೆ ಬಂತು. ಯಾರೋ ಹೆಣ್ಣುಮಗಳು ಮುಟ್ಟಿನ ಬಟ್ಟೆಯನ್ನು ಲಂಗದ ಕೆಳಗೆ ಮರೆಮಾಡಿ ಒಣಗಲು ಹಾಕಿದ್ದಳು.

ನನ್ನ ಚಿಕ್ಕಂದಿನಲ್ಲೂ ಹೀಗೇ ಆಗಿತ್ತು. ಮಳೆ ನಮ್ಮದಲ್ಲ, ಕೊಡಗಿನದು. ನಮ್ಮಲ್ಲಿ ಸುಡು ಬಿಸಿಲು, ಮನೆಯೊಳಗೆ ಮಾತ್ರ ಹೊಳೆ. ಮಣ್ಣಿನ ಗೋಡೆ ಕರಗಿ ಮನೆ ಕೂತುಹೋಯಿತು. ಊರಿಗೆ ಊರೇ ದಿಬ್ಬದ ಸ್ಕೂಲು ಸೇರಿತು. ಅಂಗಳದ ತುಂಬ ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಅಷ್ಟು ಬಿಸಿಲಿದ್ದೂ ಹೆಂಗಸರು ಆ ಬಟ್ಟೆಯನ್ನು ಹರವುವಂತಿರಲಿಲ್ಲ. ಹಸಿಯದನ್ನೇ ಮತ್ತೆ ಕಟ್ಟಿಕೊಂಡು, ತೊಡೆ ಕಿತ್ತುಹೋಗಿ ಕೀವಾಗಿ, ಕಾಲಗಲಿಸಿ ನಡೆಯುತ್ತಿದ್ದರು. ನಮ್ಮ ಚಿಕ್ಕವ್ವ ಆ ಹುಣ್ಣಿಗೇ ಜ್ವರ ಏರಿ ಏಳಲಾರದೆ ಬಿದ್ದಿದ್ದಳು.

ಅದರ ನಡುವೆ ಅಕ್ಕ ಮೈನೆರೆದಳು. ನಮ್ಮಲ್ಲಿ ಮೈನೆರೆದ ಹುಡುಗಿಗೆ ಸೋದರಮಾವ ಹಸಿ ತೆಂಗಿನ ಗರಿಯ ಗುಡ್ಲು ಹಾಕಬೇಕು. ಶಾಸ್ತ್ರದ ದಿನ ತುಂಬುವವರೆಗೆ ಅವಳು ಅದರೊಳಗೇ ಕೂತಿದ್ದು, ಈಚೆ ಬಂದಮೇಲೆ ಅದನ್ನು ಸುಡಬೇಕು. ಮನೆಯೇ ಹೋಗಿದ್ದರೂ ಮಾವ ಶಾಸ್ತ್ರ ಬಿಡಲಿಲ್ಲ. ಸ್ಕೂಲಿನ ಹಿಂದೆ ಗುಡ್ಲು ಎಬ್ಬಿಸಿದ. ಗರಿ ಸಾಲದೆ ಮೇಲಿನ ಮಾಡು ಅರ್ಧ ಬಯಲಾಗಿಯೇ ಉಳಿಯಿತು. “ಏನ್ಲಾ ಇದು, ಕೋಳಿ ಗೂಡಾ?” ಎಂದು ಅವ್ವ ಬೈದಳು. ಆದರೆ ಆ ಬಯಲಿನಿಂದಲೇ ಬಿಸಿಲು ಒಳಕ್ಕೆ ಬಿತ್ತು. ಮೈಲಿಗೆಯೆಂದು ಗಂಡಸರು ಅತ್ತ ಸುಳಿಯಲಿಲ್ಲ. ಹುಡುಗಿ ನೋಡುವ ನೆಪದಲ್ಲಿ ಹೆಂಗಸರು ಒಬ್ಬೊಬ್ಬರೇ ಬಂದರು, ಮಡಿಲಲ್ಲಿ ಒಗೆದ ಬಟ್ಟೆ. ಅಕ್ಕನ ತಲೆಯ ಮೇಲೆ ಹಗ್ಗ ಕಟ್ಟಿ ಹರವಿದರು. ಹಸಿ ಗರಿಯ ವಾಸನೆ, ಕಾದ ಬಟ್ಟೆಯ ವಾಸನೆ. ಚಿಕ್ಕವ್ವನ ಹುಣ್ಣು ಮೆಲ್ಲಗೆ ಆರತೊಡಗಿತು.

ಶಾಸ್ತ್ರದ ದಿನ ತುಂಬಿ ಮಾವ ಕೊಳ್ಳಿ ಹಿಡಿದು ಬಂದಾಗ ಅವ್ವ ಅಡ್ಡ ನಿಂತಳು.

“ಈಗ್ಲೇ ಬ್ಯಾಡ ಕಣ್ಲಾ. ಇನ್ನೂ ಕುಂತಿರ್ಲಿ ಬುಡು.”

ಒಳಗಿಂದ ಅಕ್ಕ ಕೂಗಿದಳು: “ನಂಗೆ ಸಾಕಾಗೋಯ್ತು ಕಣವ್ವ! ಬೆನ್ನು ನೋಯ್ತದೆ.”

“ನೀನು ಎದ್ರೆ ಗುಡ್ಲು ಓಯ್ತದೆ. ನಿನ್ ಚಿಕ್ಕವ್ವನ್ನ ನೋಡು. ಕುಂತ್ಕೊ.”

ಅಕ್ಕ ಅತ್ತಳು, ಬೈದಳು, ಕಾಲಲ್ಲಿ ನೆಲ ಕೆರೆದಳು. ಆದರೂ ನೀರು ಇಳಿದು ಕಡೆಯ ಹೆಂಗಸು ಊರಿಗೆ ಹೊರಡುವವರೆಗೆ ಕೂತೇ ಇದ್ದಳು. ಆಮೇಲೆ ಮಾವನ ಕೈಯಿಂದ ತಾನೇ ಕೊಳ್ಳಿ ಕಿತ್ತುಕೊಂಡು ಗುಡ್ಲಿಗೆ ಇಟ್ಟಳು.

ಅವ್ವ, ಮಾವ, ಚಿಕ್ಕವ್ವ, ಅಕ್ಕ, ಯಾರೂ ಇಲ್ಲ ಈಗ. ಆ ಮನೆಯಿದ್ದ ಜಾಗದಲ್ಲಿ ಕಬ್ಬು ಬೆಳೆದಿದೆ. ಹೊಳೆ ದಂಡೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಸಲ ಪ್ಯಾಡು ಹಂಚಿದರು, ನಿಜ. ಅವು ಮುಗಿದವು, ಮತ್ತೆ ಬಟ್ಟೆಯೇ ಗತಿ. ಬದಲಾಯಿಸಲು ಮರೆಯಿಲ್ಲ, ಕಕ್ಕಸಿನ ಮುಂದೆ ಗಂಡಸರ ಸಾಲು. ನಾನು ಕೂರಲಾರದೆ, ನಿಲ್ಲಲಾರದೆ, ಕಡೆಗೆ ಮೊಮ್ಮಗಳನ್ನು ಕರೆದು ತೆಂಗಿನ ಗರಿ ತರಿಸು ಎಂದೆ.

“ಯಾರಜ್ಜಿ ಮೈನೆರೆದಿರೋದು?”

“ನಾನೇ ಕಣೆ. ಓಗು, ತರ್ಸು.”

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಗರಿ ಹೆಣೆದು ಸ್ಕೂಲಿನ ಹಿಂದೆ ಗುಡ್ಲು ಎಬ್ಬಿಸಿದರು. ಮಾಡನ್ನು ಅರ್ಧ ಬಯಲು ಬಿಡಿಸಿ ನಾನು ಒಳಗೆ ಹೋಗಿ ಕೂತೆ. ತಲೆಯ ಮೇಲಿನ ಹಗ್ಗಕ್ಕೆ ಒಂದೊಂದಾಗಿ ಬಟ್ಟೆ ಬಂದು ಬಿದ್ದವು, ಬಿಸಿಲಿಗೆ ಕಾಯತೊಡಗಿದವು. ಹೊತ್ತು ಏರಿದಂತೆ ಬೆನ್ನು ಹಿಡಿಯಿತು. ಅಕ್ಕ ಹೇಳಿದ್ದು ಸುಳ್ಳಲ್ಲ.