ತೂಕದ ಸಾಲು ಬಿಟ್ಟು ಬಂದೆ

ಅರಸೀಕೆರೆಗೆ ಬಂದ ಮೊದಲ ಬೆಳಗ್ಗೆ ಕಣ್ಣು ಬಿಟ್ಟರೆ, ಮೊಮ್ಮಗಳು ಸವಿತಾ ತುಟಿಯ ರಕ್ತ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಳು. ಹೊಡೆದ ಗಂಡ ಲೋಕೇಶ ಪಕ್ಕದಲ್ಲೇ ಇಡ್ಲಿ ತಿನ್ನುತ್ತಿದ್ದ.

ನಮ್ಮ ಬಿಕ್ಕೋಡಿನಲ್ಲೂ ಹೆಂಗಸರು ಏಟು ತಿನ್ನುತ್ತಾರೆ. ಅಲ್ಲಿ ಕೂಗಿದರೆ ಎಸ್ಟೇಟಿನ ಸಾಲುಮನೆಗಳಿಗೆಲ್ಲ ಕೇಳುತ್ತದೆ; ಕೇಳಿ ಯಾರೂ ಬರುವುದಿಲ್ಲ, ಅದು ಬೇರೆ. ಇಲ್ಲಿ ಬಾಗಿಲು ಹಾಕಿದರೆ ಮುಗಿಯಿತು, ಹೊರಗೆಲ್ಲ ರೈಲಿನ ಸದ್ದು. ನೀರೂ ಗಡಸು, ಬೇಳೆ ಬೇಯುವುದಿಲ್ಲ.

ಸವಿತಾ ಕೊಬ್ಬರಿ ಮಂಡಿಯವರಿಗೆ ವೆಬ್‌ಸೈಟ್ ಮಾಡುತ್ತಾಳೆ. ಊರೂರಿನ ರೇಟು ಅದರಲ್ಲಿ ಕಾಣುತ್ತದೆ.

"ಒಂದೂರಿನ ರೇಟು ಬರೋಗಂಟ ಇನ್ನೊಂದೂರು ಕಾಯ್ಕಂಡು ನಿಂತಿರ್ತದೇನೇ?" ಅಂದೆ. ನನಗೆ ಗೊತ್ತಿದ್ದದ್ದು ಎಸ್ಟೇಟಿನ ತೂಕದ ಸಾಲು. ಒಬ್ಬಳ ಕಾಫಿ ಹಣ್ಣು ತೂಗುವವರೆಗೆ ಹಿಂದಿನವರೆಲ್ಲ ಚೀಲ ಹೊತ್ತು ನಿಲ್ಲಬೇಕು.

"ಇಲ್ಲ ಕಣಜ್ಜಿ. ಎಲ್ಲಾ ಊರಿಗೂ ಒಟ್ಗೆ ಕೇಳ್ಬಿಡೋದು. ಉತ್ತರ ಬಂದ್ರೆ ಏನ್ ಮಾಡ್ಬೇಕು, ಬರ್ದೇ ಹೋದ್ರೆ ಏನ್ ಮಾಡ್ಬೇಕು, ಎರಡೂ ಮೊದ್ಲೇ ಬರೆದಿಡೋದು. ಅಲ್ಲೀಗಂಟ ಬೇರೆ ಕೆಲಸ ನಿಲ್ಸಲ್ಲ."

ಊರುಗಳಿಂದ ಬಂದ ರೇಟಿನ ಪಟ್ಟಿ ಬದಲಾಗಬೇಕಾದರೂ ಅವಳು ಹಳೆಯದನ್ನು ತಿದ್ದುವುದಿಲ್ಲ. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದು ಮಾಡುತ್ತಾಳೆ.

ಉತ್ತರ ಬರದಿದ್ದರೆ ಏನು ಮಾಡಬೇಕು ಅಂತ ನಾನು ಯೋಚಿಸಿದವಳೇ ಅಲ್ಲ. ಇವಳ ತಾಯಿಯನ್ನು, ಅಂದರೆ ನನ್ನ ಮಗಳನ್ನು, ಅಳಿಯ ಹೊಡೆಯುತ್ತಿದ್ದಾಗ ಎಸ್ಟೇಟಿನ ಮೇಸ್ತ್ರಿಗೆ ಹೇಳಿ ಕಳಿಸಿ ಅಂಗಳದಲ್ಲಿ ಕಾದು ನಿಂತಿದ್ದೆ. ಮೇಸ್ತ್ರಿ ಬರುವಷ್ಟರಲ್ಲಿ ಮಗಳು ಸತ್ತಿದ್ದಳು.

ಒಂದು ಮಧ್ಯಾಹ್ನ ಲೋಕೇಶ ಕಂಪ್ಯೂಟರನ್ನು ಗೋಡೆಗೆ ಬಡಿದ. ಆಮೇಲೆ ಅವಳ ತಲೆಯನ್ನು. ಪೊಲೀಸರಿಗೆ ಫೋನ್ ಮಾಡಿದೆ. "ಬರ್ತೀವಿ, ಇರಿ" ಅಂದರು. ಮಗಳ ಸಲ ಹಾಗೇ ಕಾದಿದ್ದೆ. ಈ ಸಲ ಕಾಯಲಿಲ್ಲ. ಎಳನೀರು ಕೊಚ್ಚುವ ಮಚ್ಚು ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಅವನ ಮಣಿಕಟ್ಟಿಗೆ ಹೊಡೆದೆ. ಮೂಳೆ ಲಟಕ್ಕೆಂದಿತು.

"ಮುದ್ಕಿ, ಕೈ ಮುರಿದ್ಯಲ್ಲೇ!"

"ಇನ್ನೊಂದ್ ಐತಲ್ಲ ಕಣೋ. ಅದ್ನೂ ಎತ್ತು, ನೋಡಾನ."

ಎತ್ತಲಿಲ್ಲ. ಪೊಲೀಸರು ಬಂದಾಗ ಸವಿತಾ ಉಸಿರಾಡುತ್ತಿದ್ದಳು.

ನನ್ನ ಮೇಲೂ ಕೇಸಾಯಿತು. ಆಸ್ಪತ್ರೆಗೆ ಸವಿತಾಳ ಅತ್ತೆ ಬಂದು, "ಹೆಂಗೋ ಅವನ್ನ ತಿದ್ಕಂಡು ಬಾಳವ್ವ" ಅಂದಳು.

ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಸವಿತಾ, "ತಿದ್ದೋ ಕೆಲಸ ನಾನ್ ಮಾಡಲ್ಲ ಅತ್ತೆ. ಬೇರೆ ಮನೆ ನೋಡಿದೀನಿ" ಅಂದಳು.

ಆ ಮನೆಯಲ್ಲೇ ನಾವಿಬ್ಬರೂ ಇದ್ದೇವೆ. ಮಗಳನ್ನು ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಡಲು ಬಿಕ್ಕೋಡಿಗೆ ಹೋಗುತ್ತೇನೆ. ಬಸ್ಸು ಹಳೇಬೀಡು ಮುಟ್ಟುವವರೆಗೂ ಸವಿತಾ ಚಿಲಕ ಹಾಕಿಕೊಂಡಳೋ ಇಲ್ಲವೋ ಎಂಬ ಚಿಂತೆ. ದಾಟಿದ ಮೇಲೆ ಸತ್ತ ಮಗಳ ಚಿಂತೆ. ಕಂಡಕ್ಟರ್ ಹೋಗುವಾಗಲೂ ಕೇಳುತ್ತಾನೆ, ಬರುವಾಗಲೂ ಕೇಳುತ್ತಾನೆ: "ಊರಿಗ್ ಹೊಂಟ್ರಾ ಅಜ್ಜಿ?"

ಎರಡು ಸಲವೂ ಹೂಂ ಅನ್ನುತ್ತೇನೆ.