ಬೆರಳಿಗೆ ಗೊತ್ತಾಗದ ಬೋಲ್ಟ್

ಆ ವಾರ ಸರಿಯಾಗಿ ನಿದ್ದೆಯಿರಲಿಲ್ಲ. ಜೆ.ಪಿ. ನಗರದ ನಮ್ಮ ಆಫೀಸಿಗೆ ಗ್ರಾಹಕರ ಫ್ಯಾಕ್ಟರಿಯಿಂದ ಶಿವಣ್ಣ ಅನ್ನೋ ಹಿರಿಯರು ಬಂದಿದ್ದರು. ಅವರು ಜೋಡಿಸಬೇಕಾದ ಪಂಪ್ ಇನ್ನೂ ನಮ್ಮ ಕಂಪ್ಯೂಟರಿನೊಳಗೆ ಮಾತ್ರ ಇತ್ತು. ವಿಆರ್ ಹೆಡ್‌ಸೆಟ್ ಹಾಕಿಕೊಂಡರೆ ಅದು ಎದುರಿಗೇ ಕಾಣುತ್ತದೆ. ಬೋಲ್ಟ್ ಎಲ್ಲಾದರೂ ತಾಗಿದರೆ, ಕೈಗೆ ತೊಟ್ಟ ಗ್ಲೌಸ್ ಬೆರಳ ತುದಿಯಲ್ಲಿ ನಡುಗಿ ತಿಳಿಸುತ್ತದೆ. ಕೈಯಾಡಿಸಲು ಜಾಗ ಸಾಲುತ್ತದೋ ಇಲ್ಲವೋ ಅವರು ಹೇಳಬೇಕಿತ್ತು.

"ಈಗ ತಾಗ್ತಿದೆಯಾ ಸಾರ್?"

"ಇಲ್ಲಪ್ಪ."

ನಾನೇ ತೊಟ್ಟು ನೋಡಿದೆ, ಬೆರಳು ಜುಮ್ಮೆಂದಿತು. ಮತ್ತೆ ಅವರಿಗೆ ತೊಡಿಸಿ ನಡುಕವನ್ನು ಪೂರ್ತಿ ಹೆಚ್ಚಿಸಿದೆ. ಮೇಜೇ ಗುಂಯ್‌ಗುಟ್ಟಿತು. ಅವರು ಇಲ್ಲವೆಂದು ತಲೆಯಾಡಿಸಿದರು.

"ಗೊತ್ತಾಗಲೇಬೇಕಲ್ಲ ಸಾರ್!" ಎಂದೆ. ನನ್ನ ತಾಳ್ಮೆ ಮುಗಿದಿತ್ತು.

ಅವರು ಹೆಡ್‌ಸೆಟ್ ತೆಗೆದು, ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದರು: "ಶುಗರ್ ಕಣಪ್ಪ. ಬೆರಳಿಗೆ ಏನು ಮುಟ್ಟಿದ್ರೂ ಗೊತ್ತಾಗಲ್ಲ. ಫ್ಯಾಕ್ಟರೀಲಿ ಯಾರಿಗೂ ಹೇಳಿಲ್ಲ. ರಿಟೈರ್ ಆಗೋವರೆಗೆ ಹೇಗೋ ತಳ್ತಿದೀನಿ."

ನಾನು ಅವರ ಗ್ಲೌಸ್ ಬಿಚ್ಚತೊಡಗಿದೆ. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಒಳಗೆ ಬಂದು, "ಹೇಗಿದೆ ಡೆಮೊ?" ಅಂದರು.

"ಗ್ಲೌಸ್ ಕೆಟ್ಟಿದೆ ಮೇಡಂ. ಇವತ್ತು ಸಾರ್ ಕಣ್ಣಲ್ಲೇ ನೋಡಿ ಹೇಳ್ತಾರೆ," ಎಂದೆ.

ಶಿವಣ್ಣ ನೆಲ ನೋಡುತ್ತಾ ನಿಂತಿದ್ದರು. ಹೋಗುವಾಗ ನನ್ನ ಭುಜದ ಮೇಲೊಮ್ಮೆ ಕೈಯಿಟ್ಟರು, ಅಷ್ಟೆ.

ಭಾನುವಾರ ಮನೆಯಲ್ಲಿ ಮಲಗಬೇಕಾದವನು ಆಫೀಸಿನಲ್ಲಿ ಕೂತು, ಏನೂ ಕೆಡದ ಗ್ಲೌಸನ್ನು ಬಿಚ್ಚಿ, ಮತ್ತೆ ಹಾಗೇ ಜೋಡಿಸಿದೆ. ಸೋಮವಾರ ಮೇಡಂ ಅದನ್ನು ತೊಟ್ಟು ನೋಡಿ, "ಈಗ ಎಷ್ಟೋ ವಾಸಿ," ಅಂದರು.